ಶಿವನಸಮುದ್ರದ ತಂತಿಯ ಲೆಕ್ಕ

ಪುಣೆಯ ಶಿವಾಜಿನಗರಕ್ಕೆ ಹಿಂದೆ ಭಾಂಬುರ್ಡೆ ಎಂಬ ಹೆಸರಿದ್ದಿತು. ಮುಳಾ ಮುಠಾ ನದಿಗಳು ಕೂಡುವ ಎಡೆಯಲ್ಲಿ ಇಂದಿಗೂ ನಿಂತಿರುವ ಕಲ್ಲಿನ ಕಾಲೇಜಿಗೆ 1865ರಲ್ಲಿ ಅಡಿಗಲ್ಲು ಬಿದ್ದಿತು. 1854ರಲ್ಲಿ ಒಂದು ಎಂಜಿನಿಯರಿಂಗ್ ತರಗತಿಯಾಗಿ ಹುಟ್ಟಿ, ಮುಂದೆ ಕಾಲೇಜ್ ಆಫ್ ಸೈನ್ಸ್ ಎನಿಸಿ, 1911ರಲ್ಲಿ ಕಾಲೇಜ್ ಆಫ್ ಎಂಜಿನಿಯರಿಂಗ್ ಎಂಬ ಹೆಸರು ತಳೆದ ಈ ಸಂಸ್ಥೆ ಕನ್ನಡಿಗರಿಗೆ ಪರಕೀಯವಾದುದಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದ ಜಿಲ್ಲೆಗಳಾಗಿದ್ದ ಕಾಲದಲ್ಲಿ ಯಂತ್ರವಿದ್ಯೆಯನ್ನು ಕಲಿಯಬೇಕೆಂಬ ಆ ಭಾಗದ ಹುಡುಗನಿಗೆ ದಾರಿ ಇತ್ತ ಕಡೆಗೇ ಇದ್ದಿತು. ಮೈಸೂರು ಸೀಮೆಯಿಂದ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಲ್ಲಿಯೇ ಓದಿ, 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆಯಾದರು. ಅದೇ ವರ್ಷ ಮೈಸೂರಿನಲ್ಲಿ ಕೆ. ಶೇಷಾದ್ರಿ ಅಯ್ಯರ್ ದಿವಾನರಾದರು.

ಈ ಎರಡು ಸಂಗತಿಗಳ ಜೊತೆಗೆ ಮೂರನೆಯದೊಂದನ್ನು ಇಟ್ಟು ನೋಡುವುದು ಉಚಿತ. 1881ರಲ್ಲಿ ಪ್ಯಾರಿಸ್ ನಗರದಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು ವೋಲ್ಟು, ಆಂಪಿಯರು, ಓಮು ಎಂಬ ಮಾನಗಳನ್ನು ಅಂಗೀಕರಿಸಿತು. ಮರುವರ್ಷ ವಿಲಿಯಂ ಸೀಮೆನ್ಸ್ ಎಂಬಾತ ಸಾಮರ್ಥ್ಯದ ಮಾನಕ್ಕೆ ಜೇಮ್ಸ್ ವಾಟನ ಹೆಸರನ್ನು ಸೂಚಿಸಿದ. ಭಾಂಬುರ್ಡೆಯ ವಿದ್ಯಾರ್ಥಿಗಳು ಸೇತುವೆ, ಕಾಲುವೆಗಳ ಗಣಿತವನ್ನು ಕಲಿಯುತ್ತಿದ್ದ ದಿನಗಳಲ್ಲಿ ವಿದ್ಯುತ್ತಿಗೆ ಇನ್ನೂ ತೂಕದ ಬಟ್ಟುಗಳು ಸಿದ್ಧವಾಗುತ್ತಿದ್ದುವು ಎನ್ನಬಹುದು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಆ ಬಟ್ಟುಗಳಿಂದಲೇ ಕಾವೇರಿಯನ್ನು ತೂಗಿ, 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮಾರಲಾಯಿತು.

ಶಿವನಸಮುದ್ರದ ಯೋಜನೆಯನ್ನು ಕುರಿತು ಕನ್ನಡದಲ್ಲಿ ಬರೆದವರು ಸಾಮಾನ್ಯವಾಗಿ ದಿವಾನರ ದೂರದೃಷ್ಟಿಯನ್ನು ಕೊಂಡಾಡುತ್ತಾರೆ. ಏಷ್ಯಾ ಖಂಡಕ್ಕೇ ಅದು ಮೊದಲ ಜಲವಿದ್ಯುತ್ ಕೇಂದ್ರವೆನ್ನುತ್ತಾರೆ. ದೂರದೃಷ್ಟಿಯ ಮಾತು ನಿಜ. ಎರಡನೆಯ ಮಾತು ಅಭಿಮಾನದಿಂದ ಹುಟ್ಟಿದುದು; ಭಾರತದಲ್ಲಿಯೇ ಡಾರ್ಜಿಲಿಂಗಿನ ಸಿದ್ರಾಪೋಂಗ್ ಕೇಂದ್ರವು 1897ರಲ್ಲಿ, ಎಂದರೆ ಶಿವನಸಮುದ್ರಕ್ಕಿಂತ ಐದು ವರ್ಷ ಮೊದಲು, ಕೆಲಸ ಆರಂಭಿಸಿತ್ತು. ಶಿವನಸಮುದ್ರದ ನಿಜವಾದ ಹಿರಿಮೆ ಇರುವುದು ನೀರು ಬಿದ್ದ ಸ್ಥಳದಲ್ಲಲ್ಲ, ತಂತಿ ಹೋದ ದೂರದಲ್ಲಿ. ಆ ದೂರವನ್ನು ದಾಟಿಸಿದುದು ಒಂದು ಭಾಗಾಕಾರ ಮತ್ತು ಒಂದು ಗುಣಾಕಾರ.

ಭಾಗಾಕಾರವನ್ನು ಕಂಡುಹಿಡಿದವನು ಜರ್ಮನಿಯ ಶಾಲಾ ಉಪಾಧ್ಯಾಯ ಗಿಯೋರ್ಗ್ ಸೈಮನ್ ಓಮ್. ಕೊಲೋನ್ ನಗರದಲ್ಲಿ ಪಾಠ ಹೇಳುತ್ತಿದ್ದ ಈತ ಬೇರೆ ಬೇರೆ ಉದ್ದದ ತಂತಿಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ, ಪ್ರವಾಹದಿಂದ ಕಾಂತಸೂಚಿ ಎಷ್ಟು ತಿರುಗುವುದೆಂದು ಅಳೆದ. ಅಂದಿನ ವಿದ್ಯುತ್ಕೋಶಗಳು ಕ್ಷಣಕ್ಷಣಕ್ಕೂ ದುರ್ಬಲವಾಗುತ್ತಿದ್ದುದರಿಂದ ಅಳತೆಗಳು ನಿಲ್ಲುತ್ತಿರಲಿಲ್ಲ. ಪೊಗೆಂಡಾರ್ಫ್ ಎಂಬ ವಿದ್ವಾಂಸನ ಸಲಹೆಯಂತೆ ಓಮ್ ವಿದ್ಯುತ್ಕೋಶವನ್ನು ಬಿಟ್ಟು, ತಾಮ್ರ ಬಿಸ್ಮತ್ ಲೋಹಗಳ ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟು ಸ್ಥಿರವಾದ ಒತ್ತಡವನ್ನು ಪಡೆದ. ನೀರು ಕುದಿಯುವ, ಹೆಪ್ಪುಗಟ್ಟುವ ಉಷ್ಣತೆಗಳು ಬದಲಾಗುವುದಿಲ್ಲವಷ್ಟೆ. 1827ರಲ್ಲಿ ಪ್ರಕಟವಾದ ಅವನ ಗ್ರಂಥಕ್ಕೆ ಸ್ವದೇಶದಲ್ಲಿ ಆದರ ದೊರೆಯಲಿಲ್ಲ. ಆತ ಕೊಲೋನ್ ನಗರದ ಹುದ್ದೆಯನ್ನು ಬಿಟ್ಟ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಅವನು ತೀರಿಕೊಂಡುದು ಪುಣೆಯ ತರಗತಿ ಆರಂಭವಾದ 1854ರಲ್ಲಿ.

ನಿಯಮ ಸರಳವಾದುದು. ತಂತಿಯ ಎರಡು ತುದಿಗಳ ನಡುವಣ ಒತ್ತಡವನ್ನು ವೋಲ್ಟುಗಳಲ್ಲಿ ಅಳೆದು, ಹರಿಯುವ ಪ್ರವಾಹದ ಆಂಪಿಯರುಗಳಿಂದ ಭಾಗಿಸಿದರೆ ಬರುವ ಭಾಗಲಬ್ಧವೇ ಆ ತಂತಿಯ ರೋಧ. ಅದರ ಮಾನ ಓಮು. ಅದೇ ಒತ್ತಡವನ್ನು ಅದೇ ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ. ಅದರ ಮಾನ ವಾಟು. ತಂತಿಯೊಳಗೆ ಬರಿದೆ ಶಾಖವಾಗಿ ಹೋಗುವ ಸಾಮರ್ಥ್ಯವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟಿರುತ್ತದೆಂದು 1841ರಲ್ಲಿ ಇಂಗ್ಲೆಂಡಿನ ಜೌಲ್ ತೋರಿಸಿದ. ಈ ಕೊನೆಯ ವಾಕ್ಯದಲ್ಲಿರುವ ‘ವರ್ಗ’ ಎಂಬ ಪದವನ್ನು ಓದುಗರು ಮರೆಯಬಾರದು. ಪ್ರವಾಹ ಇಮ್ಮಡಿಸಿದರೆ ನಷ್ಟ ನಾಲ್ಮಡಿಯಾಗುತ್ತದೆ. ಹತ್ತುಮಡಿಯಾದರೆ ನಷ್ಟ ನೂರುಮಡಿ.

ಕನ್ನಡದ ಪರಿಭಾಷೆ ಇಲ್ಲಿ ಕೊಂಚ ತೊಡಕನ್ನು ತಂದಿಟ್ಟಿದೆ. ‘ವಿದ್ಯುಚ್ಛಕ್ತಿ’ ಎಂಬ ಒಂದೇ ಮಾತಿನಿಂದ ನಾವು ತಂತಿಯಲ್ಲಿ ಹರಿಯುವುದನ್ನೂ, ಅದು ಮಾಡಬಲ್ಲ ಕೆಲಸವನ್ನೂ, ಕೆಲಸದ ವೇಗವನ್ನೂ ಸೂಚಿಸುತ್ತ ಬಂದಿದ್ದೇವೆ. ಮೀಟರು ತೋರಿಸುವ ಯೂನಿಟ್ಟು ಕೆಲಸದ ಅಳತೆ, ವಾಟು ಕೆಲಸದ ವೇಗದ ಅಳತೆ ಎಂಬ ಭೇದವು ಆ ಮಾತಿನಲ್ಲಿ ಕರಗಿಹೋಗುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳಿಗೆ ಕನ್ನಡದ ಮಾತುಗಳನ್ನು ಹುಡುಕತೊಡಗಿದಾಗ ಶಿವನಸಮುದ್ರದ ತಂತಿಗೆ ಆಗಲೇ ಹದಿನಾರು ವಯಸ್ಸು. ವಸ್ತು ಮೊದಲು ಬಂದು ಮಾತು ಆಮೇಲೆ ಬಂದ ಇಂಥ ಪ್ರಸಂಗಗಳಲ್ಲಿ ಜನ ‘ಕರೆಂಟು’ ಎಂದು ಕರೆದು ಸಮಸ್ಯೆಯನ್ನು ಮುಗಿಸಿಬಿಟ್ಟುದು ಸಹಜವೇ.

ಲೆಕ್ಕದ ಸ್ವರೂಪವನ್ನು ಅರಿಯಲು ಶಿವಾಜಿನಗರದ ರೈಲು ನಿಲ್ದಾಣದಲ್ಲೇ ಒಂದು ಉದಾಹರಣೆ ಇದೆ. ಮುಂಬಯಿ ಪುಣೆ ಮಾರ್ಗವನ್ನು ಜಿ.ಐ.ಪಿ. ರೈಲ್ವೆಯವರು 1929-30ರ ಹೊತ್ತಿಗೆ ವಿದ್ಯುತ್ತಿಗೆ ಅಳವಡಿಸಿದರು. 1930ರ ಜೂನ್ 1ರಿಂದ ಡೆಕ್ಕನ್ ಕ್ವೀನ್ ಗಾಡಿ ಈ ದಾರಿಯಲ್ಲಿ ಓಡತೊಡಗಿತು. ಅಂದು ಮೇಲಣ ತಂತಿಯಲ್ಲಿದ್ದುದು 1500 ವೋಲ್ಟಿನ ನೇರ ಪ್ರವಾಹ. ಎರಡು ಸಾವಿರ ಅಶ್ವಶಕ್ತಿಯ ಒಂದು ಎಂಜಿನನ್ನು ಎಣಿಸಿಕೊಳ್ಳೋಣ. ಒಂದು ಅಶ್ವಶಕ್ತಿಗೆ 746 ವಾಟಿನಂತೆ ಅದರ ಸಾಮರ್ಥ್ಯ 14,92,000 ವಾಟು. 1500ರಿಂದ ಭಾಗಿಸಿದರೆ ಪ್ರವಾಹ ಸರಿಸುಮಾರು ಒಂದು ಸಾವಿರ ಆಂಪಿಯರು. ಮೇಲಣ ತಂತಿಯೂ ಹಿಂತಿರುಗುವ ಹಳಿಯೂ ಸೇರಿ ಓಮಿನ ಹತ್ತನೆಯ ಒಂದು ಭಾಗದಷ್ಟೇ ರೋಧವಿದ್ದರೂ ದಾರಿಯಲ್ಲಿ ನೂರು ವೋಲ್ಟು ಇಳಿದು, ಒಂದು ಲಕ್ಷ ವಾಟು ಶಾಖವಾಗಿ ಹೋಗುತ್ತದೆ. ಆದಕಾರಣ ದಪ್ಪ ತಂತಿ ಬೇಕು, ಅಲ್ಪ ಅಂತರಗಳಲ್ಲಿ ಉಪಕೇಂದ್ರಗಳು ಬೇಕು. ಇದೇ ಎಂಜಿನಿಗೆ 25,000 ವೋಲ್ಟನ್ನು ಒದಗಿಸಿದರೆ ಅರುವತ್ತು ಆಂಪಿಯರು ಸಾಕು. ನೇರ ಪ್ರವಾಹದ ಮೋಟಾರುಗಳನ್ನು ಹತೋಟಿಯಲ್ಲಿಡುವುದು ಅಂದು ಸುಲಭವಾಗಿದ್ದುದರಿಂದ ಹಿಂದಿನವರು ಈ ದುಬಾರಿ ಲೆಕ್ಕವನ್ನು ಒಪ್ಪಿದ್ದರು. ಭಾರತದ ರೈಲ್ವೆಯು 1950ರ ದಶಕದ ಕೊನೆಯಲ್ಲಿ 25,000 ವೋಲ್ಟಿನ ಪರ್ಯಾಯ ಪ್ರವಾಹವನ್ನು ಆಯ್ದುಕೊಂಡಿತು. ಮುಂಬಯಿ ಸುತ್ತಣ ಹಳೆಯ ವ್ಯವಸ್ಥೆ ಪೂರ್ಣವಾಗಿ ಬದಲಾದುದು ಮಾತ್ರ 2016ರಲ್ಲಿ. ಒಮ್ಮೆ ಆರಿಸಿಕೊಂಡ ವೋಲ್ಟನ್ನು ಬಿಡಿಸಿಕೊಳ್ಳಲು ಎರಡು ತಲೆಮಾರುಗಳೂ ಸಾಲಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಅವಶ್ಯಕ. 1500 ವೋಲ್ಟನ್ನು ಸಾವಿರ ಆಂಪಿಯರಿನಿಂದ ಭಾಗಿಸಿದರೆ ಒಂದೂವರೆ ಓಮು ಬರುತ್ತದೆ. ಇದು ಎಂಜಿನಿನ ತಂತಿಸುರುಳಿಗಳ ನಿಜವಾದ ರೋಧವಲ್ಲ. ಹಾಗಿದ್ದಿದ್ದರೆ ಒಳಹೊಕ್ಕ ಸಾಮರ್ಥ್ಯವೆಲ್ಲ ಶಾಖವಾಗಿ ಗಾಡಿ ನಿಂತಲ್ಲೇ ಉರಿಯಬೇಕಿತ್ತು. ತಿರುಗುವ ಮೋಟಾರು ತಾನೇ ಒಂದು ಪ್ರತಿ-ಒತ್ತಡವನ್ನು ಹುಟ್ಟಿಸುತ್ತದೆ. ಪೂರೈಕೆಯ ಒತ್ತಡದಿಂದ ಅದನ್ನು ಕಳೆದು ಉಳಿದುದನ್ನು ಮಾತ್ರ ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ.

ಇನ್ನು ಕಾವೇರಿಯ ಕಡೆಗೆ ತಿರುಗಬಹುದು. ನೀರಿನ ಬಲದಿಂದ ಯಂತ್ರ ನಡೆಸುವುದು ಕನ್ನಡ ನಾಡಿಗೆ ಹೊಸದಾಗಿರಲಿಲ್ಲ. ಗೋಕಾಕದ ನೂಲಿನ ಗಿರಣಿ 1880ರ ದಶಕದಲ್ಲಿಯೇ ಘಟಪ್ರಭೆಯ ಜಲಪಾತವನ್ನು ನಂಬಿ ಎದ್ದಿತು. ಆದುದರಿಂದಲೇ ಅದು ಜಲಪಾತದ ಮಗ್ಗುಲಲ್ಲಿ ನಿಲ್ಲಬೇಕಾಯಿತು. ಕೋಲಾರದ ಗಣಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಚಿನ್ನ ಇದ್ದಲ್ಲಿ ನೀರಿಲ್ಲ, ನೀರು ಬಿದ್ದಲ್ಲಿ ಚಿನ್ನವಿಲ್ಲ. ದೂರಸಾಗಣೆಯ ಸಾಧ್ಯತೆಯನ್ನು 1891ರಲ್ಲಿ ಜರ್ಮನಿಯ ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರು ತಂತಿ ಎಳೆದು ತೋರಿಸಿದ್ದರು. ಆದರೆ ಅದು ಪ್ರದರ್ಶನಕ್ಕೆಂದು ಮಾಡಿದುದು. 1896ರಲ್ಲಿ ನಯಾಗರಾದ ವಿದ್ಯುತ್ತು ಬಫಲೋ ನಗರಕ್ಕೆ ಹೋದುದು 26 ಮೈಲಿ ಮಾತ್ರ. ಮೈಸೂರಿನ ಉಪಮುಖ್ಯ ಎಂಜಿನಿಯರರಾಗಿದ್ದ ಕೆನಡಾ ದೇಶದ ಜೋಲಿ ದ ಲಾಟ್‌ಬಿನಿಯರ್ ಯೂರೋಪು ಅಮೆರಿಕೆಗಳ ಕೇಂದ್ರಗಳನ್ನು ಪರಿಶೀಲಿಸಿ ಬಂದು ಇಟ್ಟ ಯೋಜನೆಯಲ್ಲಿ ದೂರ 92 ಮೈಲಿ. ದಿವಾನರು ಒಪ್ಪಿದರು, ಗಣಿಗಳ ವ್ಯವಸ್ಥಾಪಕರಾದ ಜಾನ್ ಟೇಲರ್ ಕಂಪನಿಯವರು ಕೊಳ್ಳಲು ಒಡಂಬಟ್ಟರು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ವಿದ್ಯುದ್ಯಂತ್ರಗಳನ್ನೂ, ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿ ಟರ್ಬೈನುಗಳನ್ನೂ ಒದಗಿಸಿದುವು. 720 ಕಿಲೋವಾಟಿನ ಆರು ಯಂತ್ರಗಳು ಗಗನಚುಕ್ಕಿಯ ಬಳಿ ಸ್ಥಾಪಿತವಾದುವು. 1902ರ ಜೂನ್ 30ರಂದು 35,000 ವೋಲ್ಟಿನ ಒತ್ತಡದಲ್ಲಿ ವಿದ್ಯುತ್ತು ಗಣಿಗಳನ್ನು ಮುಟ್ಟಿತು. ಶೇಷಾದ್ರಿ ಅಯ್ಯರರು ಅದನ್ನು ಕಾಣಲಿಲ್ಲ. ಹಿಂದಿನ ವರ್ಷವೇ ಅವರು ಗತಿಸಿದ್ದರು.

35,000 ವೋಲ್ಟು ಏಕೆ? ಗಣಿಗಳಿಗೆ ಮುಟ್ಟಬೇಕಾದ ಸಾಮರ್ಥ್ಯ ನಾಲ್ಕು ಸಾವಿರ ಅಶ್ವಶಕ್ತಿ, ಎಂದರೆ ಸುಮಾರು ಮೂವತ್ತು ಲಕ್ಷ ವಾಟು ಎಂದಿಟ್ಟುಕೊಂಡರೆ ಉತ್ತರ ತಾನಾಗಿ ದೊರೆಯುತ್ತದೆ. ಮೂರು ತಂತಿಗಳ ಪರ್ಯಾಯ ಪ್ರವಾಹದಲ್ಲಿ ಸಾಮರ್ಥ್ಯವನ್ನು ಒತ್ತಡದಿಂದಲೂ ಮತ್ತೆ 1.73ರಿಂದಲೂ ಭಾಗಿಸಬೇಕು. ಹಾಗೆ ಭಾಗಿಸಿದರೆ ಒಂದೊಂದು ತಂತಿಯಲ್ಲಿ ಹರಿಯುವುದು ಸುಮಾರು 50 ಆಂಪಿಯರು. ಲೆಕ್ಕದ ಅನುಕೂಲಕ್ಕೆಂದು 50 ಚದರ ಮಿಲಿಮೀಟರು ಅಡ್ಡಕೊಯ್ತದ ತಾಮ್ರದ ತಂತಿಯನ್ನು ಕಲ್ಪಿಸಿಕೊಳ್ಳೋಣ. 147 ಕಿಲೋಮೀಟರಿಗೆ ಅದರ ರೋಧ ಸುಮಾರು 50 ಓಮು. ಐವತ್ತನ್ನು ಐವತ್ತರಿಂದ ಗುಣಿಸಿದರೆ ಪ್ರತಿ ತಂತಿಯಲ್ಲಿ 2500 ವೋಲ್ಟಿನ ಇಳಿತ. ಇನ್ನೊಮ್ಮೆ ಐವತ್ತರಿಂದ ಗುಣಿಸಿದರೆ 1,25,000 ವಾಟಿನ ನಷ್ಟ. ಮೂರು ತಂತಿಗಳಿಗೆ 3,75,000. ಮುಟ್ಟಿದ ಮೂವತ್ತು ಲಕ್ಷಕ್ಕೆ ಎಂಟನೆಯ ಒಂದು ಪಾಲು ದಾರಿಯ ಸುಂಕವೆಂದಾಯಿತು. ಇದು ಸಹಿಸಬಹುದಾದ ಸುಂಕ.

ಅದೇ ಸಾಮರ್ಥ್ಯವನ್ನು 2200 ವೋಲ್ಟಿನಲ್ಲಿ ಅದೇ ತಂತಿಯ ಮೂಲಕ ಕಳುಹಿಸುವುದಾದರೆ ಪ್ರವಾಹ 787 ಆಂಪಿಯರು ಆಗಬೇಕು. 50 ಓಮಿನ ತಂತಿಯಲ್ಲಿ ಆ ಪ್ರವಾಹ ಹರಿಯಲು 39,000 ವೋಲ್ಟಿಗೂ ಮಿಕ್ಕ ಒತ್ತಡ ತಂತಿಗೇ ಬೇಕು; ಕೈಯಲ್ಲಿರುವುದು 2200. ಅಸಲಿಗಿಂತ ಹಲವು ಪಟ್ಟು ಸಾಗಣೆಯ ಖರ್ಚು ಬರುವ ವ್ಯಾಪಾರವಿದು. ನಷ್ಟದ ವ್ಯಾಪಾರವೆನ್ನುವುದಕ್ಕಿಂತ ಆಗಲಾರದ ವ್ಯಾಪಾರವೆನ್ನಬೇಕು. ನಷ್ಟವನ್ನು ಮೊದಲಿನ ಪ್ರಮಾಣಕ್ಕೇ ತಗ್ಗಿಸಬೇಕಾದರೆ ತಂತಿಯ ಅಡ್ಡಕೊಯ್ತವನ್ನು 253 ಪಟ್ಟು ಹಿಗ್ಗಿಸಬೇಕು. ನಮ್ಮ ಕಲ್ಪನೆಯ ಮೂರು ತಂತಿಗಳಿಗೆ ತಾಮ್ರ ಸುಮಾರು 200 ಟನ್ನು. ಅದು ಐವತ್ತು ಸಾವಿರ ಟನ್ನಾಗುತ್ತದೆ. ಅಷ್ಟು ತಾಮ್ರವನ್ನು ಹೊರಲು ಕಂಬಗಳಲ್ಲ, ಕೋಟೆಗೋಡೆಗಳೇ ಬೇಕಾದಾವು. ಟ್ರಾನ್ಸ್‌ಫಾರ್ಮರ್ ಎಂಬ ಉಪಕರಣದಿಂದ ಒತ್ತಡವನ್ನು ಹದಿನಾರು ಪಟ್ಟು ಏರಿಸಿದ ಮಾತ್ರಕ್ಕೆ ಈ ಐವತ್ತು ಸಾವಿರ ಟನ್ನು ಇನ್ನೂರಕ್ಕೆ ಇಳಿಯಿತೆಂಬುದೇ ಶಿವನಸಮುದ್ರದ ರಹಸ್ಯ.

ಹಾಗಾದರೆ ತಂತಿಯ ದಪ್ಪವನ್ನು ನಿರ್ಣಯಿಸುವುದು ಹೇಗೆ? ದಪ್ಪ ಹೆಚ್ಚಿದರೆ ರೋಧ ತಗ್ಗಿ ನಷ್ಟ ತಗ್ಗುತ್ತದೆ. ಆದರೆ ತಾಮ್ರಕ್ಕೆ ಹಾಕಿದ ಬಂಡವಾಳ ಹೆಚ್ಚಿ ಬಡ್ಡಿ ಏರುತ್ತದೆ. 1881ರಲ್ಲಿ, ಪ್ಯಾರಿಸ್ ಸಮ್ಮೇಳನ ಸೇರಿದ ವರ್ಷವೇ, ಕೆಲ್ವಿನ್ ಇದಕ್ಕೊಂದು ಸೂತ್ರವನ್ನು ಕೊಟ್ಟ. ತಾಮ್ರದ ಮೇಲಣ ವರ್ಷದ ಬಡ್ಡಿ ಮತ್ತು ಸವಕಳಿ ಒಂದು ಕಡೆ, ಶಾಖವಾಗಿ ಹೋದ ವಿದ್ಯುತ್ತಿನ ವರ್ಷದ ಬೆಲೆ ಇನ್ನೊಂದು ಕಡೆ. ಇವೆರಡೂ ಸಮನಾದಾಗ ತಂತಿಯ ದಪ್ಪ ಅತ್ಯಂತ ಮಿತವ್ಯಯದ್ದು. ಭೌತಶಾಸ್ತ್ರದ ಗ್ರಂಥಗಳಲ್ಲಿ ಅಡಗಿರುವ ಈ ಸೂತ್ರವು ವಾಸ್ತವವಾಗಿ ಲೇವಾದೇವಿಯ ಶಾಸ್ತ್ರಕ್ಕೆ ಸೇರಿದುದು. ಸವಕಳಿಯನ್ನು ಬದಿಗಿಟ್ಟರೆ, ಬಡ್ಡಿಯ ದರ ಶೇಕಡ 4ರಿಂದ 8ಕ್ಕೆ ಏರಿದಾಗ ಮಿತವ್ಯಯದ ಅಡ್ಡಕೊಯ್ತ ಮೊದಲಿನ ಶೇಕಡ 71ಕ್ಕೆ ಇಳಿಯುತ್ತದೆ. ಎಂದರೆ ಅಗ್ಗದ ಸಾಲ ಪಡೆಯಬಲ್ಲ ಸರ್ಕಾರ ದಪ್ಪ ತಂತಿಯನ್ನು ಎಳೆಯುತ್ತದೆ. ದುಬಾರಿ ಸಾಲದವನು ತೆಳುವಾದ ತಂತಿ ಎಳೆದು ಬೆಟ್ಟಗುಡ್ಡಗಳನ್ನು ಕಾಯಿಸುತ್ತಾನೆ. ಸಂಸ್ಥಾನದ ಸಾಲಯೋಗ್ಯತೆ ತಾಮ್ರದ ಸುತ್ತಳತೆಯಲ್ಲಿ ಕಾಣಿಸಿಕೊಳ್ಳುವುದು ಇತಿಹಾಸಕಾರರು ಗಮನಿಸತಕ್ಕ ವಿಷಯ.

ಪರ್ಯಾಯ ಪ್ರವಾಹದಲ್ಲಿ ವೋಲ್ಟು ಆಂಪಿಯರುಗಳ ಗುಣಲಬ್ಧವೆಲ್ಲ ಕೆಲಸವಾಗುವುದಿಲ್ಲ. ಗಣಿಯ ಮೋಟಾರುಗಳಲ್ಲಿ ಪ್ರವಾಹವು ಒತ್ತಡಕ್ಕಿಂತ ಕೊಂಚ ಹಿಂದೆ ಬೀಳುತ್ತದೆ. ಗುಣಲಬ್ಧದಲ್ಲಿ ಹತ್ತರಲ್ಲಿ ಎಂಟು ಪಾಲು ಮಾತ್ರ ನಿಜವಾದ ಸಾಮರ್ಥ್ಯವಾದರೆ, ಅದೇ ಕೆಲಸಕ್ಕೆ 50ರ ಬದಲು 62 ಆಂಪಿಯರಿಗೂ ಮಿಕ್ಕು ಬೇಕು; ತಂತಿಯ ನಷ್ಟ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಶಿವನಸಮುದ್ರದಲ್ಲಿ ಸೆಕೆಂಡಿಗೆ 25 ಆವರ್ತಗಳ ಪ್ರವಾಹವನ್ನು ಆರಿಸಿದ್ದರು. ಉದ್ದವಾದ ತಂತಿಗೂ ನಿಧಾನವಾಗಿ ತಿರುಗುವ ಭಾರೀ ಮೋಟಾರುಗಳಿಗೂ ಅದು ಹಿತವಾದುದು. ದೀಪಕ್ಕೆ ಹಿತವಲ್ಲ, ಬೆಳಕು ಕಣ್ಣಿಗೆ ತಿಳಿಯುವಂತೆ ಮಿನುಗುತ್ತದೆ. ದೀಪಕ್ಕಾಗಿ ಈ ಯೋಜನೆ ಹುಟ್ಟಿರಲಿಲ್ಲವೆಂಬುದಕ್ಕೆ ಈ 25 ಎಂಬ ಅಂಕಿಯೂ ಒಂದು ಸಾಕ್ಷಿ. ಬಿಸಿಲಿನ ಸಂಗತಿ ಚಿಕ್ಕದಾದರೂ ಹೇಳತಕ್ಕದ್ದು: ತಾಮ್ರದ ರೋಧ ಒಂದೊಂದು ಡಿಗ್ರಿಗೂ ಶೇಕಡ 0.4ರಷ್ಟು ಏರುವುದರಿಂದ, 20 ಡಿಗ್ರಿಯಿದ್ದ ತಂತಿ 50ಕ್ಕೆ ಕಾದಾಗ ನಷ್ಟವೂ ಶೇಕಡ 12ರಷ್ಟು ಏರುತ್ತದೆ.

ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಪ್ರಶಂಸೆಯ ಬರಹಗಳಲ್ಲಿ ಅದು ಬರುವುದಿಲ್ಲ. 92 ಮೈಲಿಯ ಉದ್ದಕ್ಕೂ ತಂತಿ ರಾಗಿಯ ಹೊಲಗಳ ಮೇಲೆ, ಹಳ್ಳಿಗಳ ಪಕ್ಕದಲ್ಲಿ ಹಾದುಹೋಯಿತು. ಕೆಳಗಿನವರಿಗೆ ಅದರಿಂದ ಒಂದು ದೀಪವನ್ನೂ ಹೊತ್ತಿಸಿಕೊಳ್ಳುವಂತಿರಲಿಲ್ಲ. 40 ವಾಟಿನ ಇಪ್ಪತ್ತು ದೀಪಗಳ ಒಂದು ಹಳ್ಳಿಗೆ 800 ವಾಟು ಸಾಕು. 35,000 ವೋಲ್ಟಿನ ತಂತಿಯಿಂದ ಅದಕ್ಕೆ ತೆಗೆಯಬೇಕಾದ ಪ್ರವಾಹ ಆಂಪಿಯರಿನ ನಲವತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ. ತಂತಿಗೆ ಅದು ಲೆಕ್ಕಕ್ಕೇ ಬಾರದು. ಆದರೆ ಆ ಅಲ್ಪವನ್ನು ಇಳಿಸಿಕೊಡಲು ಬೇಕಾದ ಟ್ರಾನ್ಸ್‌ಫಾರ್ಮರು 35,000 ವೋಲ್ಟನ್ನು ಪೂರ್ತಿಯಾಗಿ ತಡೆಯಬೇಕು. ಅದರ ಬೆಲೆಯ ಬಹುಭಾಗ ನಿರ್ಧಾರವಾಗುವುದು ತಡೆಯಬೇಕಾದ ವೋಲ್ಟಿನಿಂದ, ಹಳ್ಳಿಯ ಬಡತನದಿಂದಲ್ಲ. ದೂರವನ್ನು ಗೆಲ್ಲಿಸಿದ ಒತ್ತಡವೇ ಸಮೀಪದವರನ್ನು ಹೊರಗಿಟ್ಟಿತು. ಇದನ್ನು ದಿವಾನರ ನಿರ್ದಯೆ ಎನ್ನುವುದು ಸರಿಯಲ್ಲ. ಗಣಿತದ ಅನಿವಾರ್ಯತೆ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಕೆಲ್ವಿನ್ನನ ತಕ್ಕಡಿಯಲ್ಲಿ ಬಡ್ಡಿಗೂ ನಷ್ಟಕ್ಕೂ ತಟ್ಟೆಗಳಿವೆ. ಕತ್ತಲೆಗೆ ಬೆಲೆ ಕಟ್ಟುವ ತಟ್ಟೆಯನ್ನು ಸರ್ಕಾರವೇ ಇಡಬೇಕಾಗಿತ್ತು. ಬೆಂಗಳೂರಿಗೆ ದೀಪ ಬಂದುದು 1905ರ ಆಗಸ್ಟ್ ತಿಂಗಳಲ್ಲಿ. ನಗರದಲ್ಲಿ ಗಿರಾಕಿಗಳು ಒತ್ತಾಗಿದ್ದರು. ಒಂದು ಉಪಕೇಂದ್ರದ ಖರ್ಚನ್ನು ಸಾವಿರ ಮನೆಗಳ ಮೇಲೆ ಹಂಚಬಹುದಿತ್ತು. ಹಳ್ಳಿಗಳ ಸರದಿ ಬಹುಕಾಲ ತಡೆದು ಬಂದಿತು.

ತಂತಿಯ ಲೆಕ್ಕ ಹೀಗೆ ಬಗೆಹರಿದರೂ ನೀರಿನ ಲೆಕ್ಕ ಉಳಿದಿತ್ತು. ಬೀಳುವ ನೀರಿನ ಎತ್ತರವನ್ನು ವೋಲ್ಟಿಗೆ, ಹರಿವನ್ನು ಆಂಪಿಯರಿಗೆ ಹೋಲಿಸಬಹುದು. ಎರಡರ ಗುಣಲಬ್ಧವೇ ಸಾಮರ್ಥ್ಯ. ಶಿವನಸಮುದ್ರದಲ್ಲಿ ಎತ್ತರ ಸುಮಾರು 400 ಅಡಿ, ಬದಲಾಗದು. ಹರಿವು ಮಾತ್ರ ಬೇಸಗೆಯಲ್ಲಿ ಕುಗ್ಗುತ್ತದೆ. ಗಣಿಯ ಪಂಪುಗಳು ಬೇಸಗೆಗಾಗಿ ಕಾಯಲಾರವು. ಭಾಂಬುರ್ಡೆಯಲ್ಲಿ ಕಲಿತ ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದು ಕನ್ನಂಬಾಡಿಯಲ್ಲಿ ಅಣೆಕಟ್ಟೆಯನ್ನು ಕಟ್ಟಬೇಕೆಂದು ವಾದಿಸಿದಾಗ ನೀರಾವರಿಯ ಜೊತೆಗೆ ಅವರು ಮುಂದಿಟ್ಟ ಪ್ರಬಲ ಕಾರಣ ಇದೇ: ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಪ್ರಮಾಣದ ಹರಿವು. 1911ರಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರದೊಡನೆ ವಿವಾದವೆದ್ದು, 1924ರ ಒಪ್ಪಂದದವರೆಗೂ ಬೆಳೆಯಿತು. ಬಹುಕಾಲ ನಡೆದ ಕಾವೇರಿ ವ್ಯಾಜ್ಯದ ಕಡತದಲ್ಲಿ ಭತ್ತದ ಗದ್ದೆಗಳ ಜೊತೆಗೆ ಕೋಲಾರದ ಮೋಟಾರುಗಳೂ ಇದ್ದುವೆಂಬುದನ್ನು ಎರಡು ಕಡೆಯವರೂ ಮರೆತಿದ್ದಾರೆ. ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದುವು. ಶಿವನಸಮುದ್ರದ ಕೇಂದ್ರವಾದರೋ 42 ಮೆಗಾವಾಟಿಗೆ ಬೆಳೆದು, ಶೇಷಾದ್ರಿ ಅಯ್ಯರರ ಹೆಸರಿನಲ್ಲಿ ಇನ್ನೂ ತಿರುಗುತ್ತಿದೆ. ಅದರ ವಿದ್ಯುತ್ತು ಈಗ ರಾಜ್ಯದ ಸಾಮಾನ್ಯ ಜಾಲಕ್ಕೆ ಸೇರುತ್ತದೆ.